ತಾಯಿಗೆ ಎಡೆ, ಮಗುವಿಗೆ ಮಡಿಲು

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ ತಾಯಲೂರು ಎಂಬ ಊರಿದೆ. ಆ ಹೆಸರಿನ ಮೂಲ ಏನೇ ಇರಲಿ, ಕೇಳುವವರ ಕಿವಿಗೆ ಅದರಲ್ಲಿ ತಾಯಿಯೊಬ್ಬಳು ಇದ್ದಾಳೆ. ಅದೇ ತಾಲ್ಲೂಕಿನ ಆವಣಿ ಬೆಟ್ಟವೂ ಒಬ್ಬ ತಾಯಿಯ ಕಥೆಯನ್ನೇ ಹೇಳುತ್ತದೆ. ತುಂಬು ಗರ್ಭಿಣಿಯಾದ ಸೀತೆ ಅರಮನೆಯಿಂದ ಹೊರಹಾಕಲ್ಪಟ್ಟಾಗ ವಾಲ್ಮೀಕಿ ಋಷಿಗಳು ಆಶ್ರಯವಿತ್ತದ್ದು ಇಲ್ಲಿ, ಲವಕುಶರೆಂಬ ಅವಳಿ ಮಕ್ಕಳು ಹುಟ್ಟಿದ್ದು ಇಲ್ಲಿ ಎಂಬುದು ನಮ್ಮ ಹಿಂದೂ ಸಹೋದರರ ನಂಬಿಕೆ. ಬೆಟ್ಟದ ಮೇಲೆ ಸೀತೆಗೊಂದು ಗುಡಿಯಿದೆ. ಸಂತಾನಭಾಗ್ಯವನ್ನು ಬೇಡಿ ಹೆಂಗಸರು ಅಲ್ಲಿಗೆ ಹತ್ತಿ ಹೋಗುತ್ತಾರೆ.

ಈ ಕಥೆಯನ್ನು ಕೇಳಿದಾಗ ಕ್ರೈಸ್ತರಾದ ನಮಗೆ ಬೆತ್ಲೆಹೇಮ್ ನೆನಪಾಗದೆ ಇರದು. ಅಲ್ಲಿಯೂ ದಿನ ತುಂಬಿದ ತಾಯಿಯೊಬ್ಬಳಿದ್ದಳು. ಆಕೆಗೂ ಛತ್ರದಲ್ಲಿ ಎಡೆ ಸಿಗಲಿಲ್ಲ. ಒಂದು ಆಶ್ರಮ, ಒಂದು ಗೋದಲಿ. ಎರಡು ಸಮುದಾಯಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿರುವ ಪ್ರಶ್ನೆ ಮಾತ್ರ ಒಂದೇ: ಹೆರಿಗೆಯ ನೋವಿನಲ್ಲಿರುವ ಹೆಣ್ಣಿಗೆ ಬಾಗಿಲು ತೆರೆಯುವವರು ಯಾರು?

ನಮ್ಮ ಅಜ್ಜಿಯರ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಊರೊಳಗೇ ಇತ್ತು. ನೋವು ಕಾಣಿಸಿಕೊಂಡೊಡನೆ ಸೂಲಗಿತ್ತಿಗೆ ಕರೆ ಹೋಗುತ್ತಿತ್ತು. ಗಡಿಸೀಮೆಯ ತೆಲುಗು ಮನೆಮಾತಿನವರು ಆಕೆಯನ್ನು ಮಂತ್ರಸಾನಿ ಎನ್ನುತ್ತಿದ್ದರು. ನೆರೆಮನೆಯ ಹೆಂಗಸೊಬ್ಬಳು ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿದರೆ, ಮತ್ತೊಬ್ಬಳು ಗರ್ಭಿಣಿಯ ಬೆನ್ನು ನೀವುತ್ತಿದ್ದಳು. ಇನ್ನೊಬ್ಬಳು ಮನೆಯ ದೊಡ್ಡ ಮಗುವನ್ನು ಕರೆದೊಯ್ದು ಉಣಿಸಿ ಮಲಗಿಸುತ್ತಿದ್ದಳು. ಹುಟ್ಟಿದ ಕೂಸನ್ನು ಮೆತ್ತನೆಯ ಹಳೆಸೀರೆಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸುವ ರೂಢಿ ಹಲವೆಡೆ ಇತ್ತು. ದಿನವೂ ಧಾನ್ಯ ಕೇರುವ ಆ ಮೊರವೇ ನಮ್ಮ ನಾಡಿನ ಗೋದಲಿ.

ಆದರೆ ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ ಸತ್ಯವನ್ನು ಮರೆಮಾಚಲಾಗದು. ಕುಡುಗೋಲಿನಿಂದಲೋ ಹಳೆಯ ಬ್ಲೇಡಿನಿಂದಲೋ ಹೊಕ್ಕುಳಬಳ್ಳಿಯನ್ನು ಕತ್ತರಿಸಿದಾಗ ಎಷ್ಟೋ ಕೂಸುಗಳು ವಾರ ತುಂಬುವುದರೊಳಗೆ ಧನುರ್ವಾಯುವಿಗೆ ಬಲಿಯಾದವು. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ತಾಯಿಯ ಪ್ರಾಣ ಹೋಗುತ್ತಿತ್ತು. ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದರೆ ಸೂಲಗಿತ್ತಿಯ ಕೈಯೂ ಸೋಲುತ್ತಿತ್ತು. ಪ್ರಾಣಾಪಾಯದಲ್ಲಿರುವ ಶಿಶುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ನೀಡಬಹುದೆಂದು ಧರ್ಮಸಭೆ ವಿಶ್ವಾಸಿಗಳಿಗೆ ಕಲಿಸುತ್ತಾ ಬಂದಿದೆ. ಹುಟ್ಟಿದ ಗಳಿಗೆಯಲ್ಲೇ ಕೈಜಾರುವ ಮಕ್ಕಳು ಎಷ್ಟಿದ್ದರೆಂಬುದನ್ನು ಆ ಬೋಧನೆಯೇ ನೆನಪಿಸುತ್ತದೆ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಬಾಳಿನಲ್ಲಿ ಈ ಎರಡು ಮುಖಗಳೂ ಇವೆ. ಶಾಲೆಯ ಮೆಟ್ಟಿಲು ಹತ್ತದ ಈ ತಾಯಿ ತಮ್ಮ ಅಜ್ಜಿಯಿಂದ ವಿದ್ಯೆ ಕಲಿತು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ಆ ಸೇವೆಗೆ ಹಣ ಕೇಳಿದವರಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು; 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಡಿಸೆಂಬರ್ 25ರಂದು, ಜಗತ್ತು ಒಂದು ಶಿಶುವಿನ ಜನನವನ್ನು ಕೊಂಡಾಡುತ್ತಿದ್ದ ದಿನವೇ, ಅವರು ಕಣ್ಣುಮುಚ್ಚಿದರು. ಅಷ್ಟೊಂದು ಮಕ್ಕಳನ್ನು ಮಡಿಲಿಗೆತ್ತಿಕೊಂಡ ಆ ತಾಯಿ ತಾವು ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡಿದ್ದರು. ಅವರ ಕೈಗುಣಕ್ಕೆ ನಮಿಸುವಾಗ ಈ ದುಃಖವನ್ನೂ ನೆನೆಯಬೇಕು.

ಈ ವಿಷಯದಲ್ಲಿ ನಾವೂ ಆತ್ಮಶೋಧನೆ ಮಾಡಿಕೊಳ್ಳುವುದು ಯುಕ್ತ. ಒಂದು ಕಾಲದಲ್ಲಿ ಹೆರಿಗೆ ಮಾಡಿಸುವ ವೃತ್ತಿ ಸನ್ಯಾಸವ್ರತಕ್ಕೆ ಹೊಂದದೆಂಬ ಭಾವನೆಯಿಂದ ಧರ್ಮಭಗಿನಿಯರಿಗೆ ಅದರ ಅನುಮತಿ ಇರಲಿಲ್ಲ. ಪುರುಷ ವೈದ್ಯರು ತಮ್ಮನ್ನು ಮುಟ್ಟಬಾರದೆಂಬ ಕಟ್ಟುಪಾಡಿನಲ್ಲಿದ್ದ ಎಷ್ಟೋ ಭಾರತೀಯ ತಾಯಂದಿರು ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದಾಗಲೂ ಈ ತಡೆ ಉಳಿದಿತ್ತು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು, ಕನ್ಯಾಸ್ತ್ರೀಯಾಗಿಯೂ ವೈದ್ಯವೃತ್ತಿಯನ್ನು ಮುಂದುವರಿಸಲು ಪೋಪ್ ಜಗದ್ಗುರುಗಳ ವಿಶೇಷ ಅನುಮತಿ ಪಡೆಯಬೇಕಾಯಿತು. 1936ರಲ್ಲಿ ರೋಮಿನ ಆದೇಶವೊಂದು ಈ ಸೇವೆಯ ಬಾಗಿಲನ್ನು ಧರ್ಮಭಗಿನಿಯರಿಗೆ ತೆರೆಯಿತು. ತಾಯಿಯ ನರಳಾಟದ ಮುಂದೆ ನಮ್ಮ ನಿಯಮಗಳೂ ಬಾಗಬೇಕೆಂಬುದನ್ನು ಧರ್ಮಸಭೆ ಕಲಿತುಕೊಂಡಿತು.

ಇಂದು ಕಾಲ ಬದಲಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಗಳಲ್ಲಾಗುತ್ತಿದ್ದವು. 2019-21ರ ವೇಳೆಗೆ ಅದು 97ಕ್ಕೆ ಏರಿತು. ಆಶಾ ಕಾರ್ಯಕರ್ತೆಯರ ಶ್ರಮ, ತಾಯಿ ಕಾರ್ಡ್, 108ರ ಆಂಬುಲೆನ್ಸ್ ಎಷ್ಟೋ ಪ್ರಾಣಗಳನ್ನು ಉಳಿಸಿವೆ. ಇದಕ್ಕಾಗಿ ದೇವರಿಗೆ ಕೃತಜ್ಞರಾಗಿರೋಣ. ಆದರೆ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದಾಗ, ತಾಯಿ ಮಗುವನ್ನು ಬರಮಾಡಿಕೊಳ್ಳುವ ನಮ್ಮ ಹೊಣೆಯೂ ಅಲ್ಲಿಗೇ ಹೋಯಿತೇ?

2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ನಡೆದುದನ್ನು ನೀವು ಮರೆತಿರಲಾರಿರಿ. ತಮಿಳುನಾಡಿನಿಂದ ಬಂದು ನೆಲೆಸಿದ್ದ ಬಡ ಗರ್ಭಿಣಿಯೊಬ್ಬಳಿಗೆ ನೋವು ಕಾಣಿಸಿಕೊಂಡಾಗ ನೆರೆಹೊರೆಯವರು ಹಣ ಕೂಡಿಸಿ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಆಕೆಯನ್ನು ಸೇರಿಸಿಕೊಳ್ಳಲಿಲ್ಲವೆಂಬುದು ಬಳಿಕ ನಾಡಿನ ಮುಂದೆ ಬಂದ ದೂರು. ಆಕೆ ಮನೆಗೆ ಮರಳಿದಳು. ಅಲ್ಲಿಯೇ ಹೆರಿಗೆಯಾಗಿ ತಾಯಿಯೂ ಅವಳಿ ಶಿಶುಗಳೂ ತೀರಿಹೋದರು. ಆವಣಿಯ ತಾಯಿಯೂ ಹೆತ್ತದ್ದು ಅವಳಿ ಮಕ್ಕಳನ್ನೇ. ಆಕೆಗೆ ಒಂದು ಆಶ್ರಮವಾದರೂ ಸಿಕ್ಕಿತು.

ಇನ್ನೊಂದು ಘಟನೆ 2018ರ ಜುಲೈನದು. ತಿರುಪ್ಪೂರಿನ ವಿದ್ಯಾವಂತ ದಂಪತಿ ವೈದ್ಯರ ನೆರವು ಬೇಡವೆಂದು, ವಿಡಿಯೋಗಳನ್ನು ನೋಡಿಕೊಂಡು ಮನೆಯಲ್ಲೇ ಹೆರಿಗೆಗೆ ಮುಂದಾದರು. ಮಗು ಉಳಿಯಿತು, ತಾಯಿ ರಕ್ತಸ್ರಾವದಿಂದ ಅಸುನೀಗಿದಳು. ತುಮಕೂರಿನಲ್ಲಿ ನೆರವಿನ ಬಾಗಿಲು ಬೇಡಿದವಳ ಮುಂದೆ ಮುಚ್ಚಿತು. ತಿರುಪ್ಪೂರಿನಲ್ಲಿ ಮನೆಯವರೇ ನೆರವಿಗೆ ಬಾಗಿಲು ಮುಚ್ಚಿಕೊಂಡರು. ಹಿಂದಿನವರು ಮನೆಯಲ್ಲಿ ಹೆತ್ತದ್ದು ಬೇರೆ ದಾರಿಯಿಲ್ಲದೆ. ಆಗಲೂ ಒಂಟಿಯಾಗಿ ಹೆತ್ತವರಲ್ಲ. ತಮಗೆ ದೊರೆತ ಅತ್ಯುತ್ತಮ ನೆರವನ್ನೇ ಅವರು ಕರೆದರು. ಹಾಗಾದರೆ ಅವರ ದಾರಿಯಲ್ಲಿ ನಡೆಯುವುದೆಂದರೆ ಇಂದು ನಮಗೆ ದೊರೆಯುವ ಅತ್ಯುತ್ತಮ ನೆರವನ್ನು ಪಡೆಯುವುದಲ್ಲವೇ?

ಪ್ರಿಯ ಓದುಗರೇ, ಇಲ್ಲಿ ಎರಡು ಕರ್ತವ್ಯಗಳಿವೆ. ಒಂದನ್ನು ಇನ್ನೊಂದರೊಡನೆ ಬೆರೆಸಬಾರದು. ತಾಯಿ ಮಗುವಿನ ಪ್ರಾಣವನ್ನು ಕಾಯುವುದು ಮೊದಲನೆಯದು. ಅದಕ್ಕೆ ಆಸ್ಪತ್ರೆಯೇ ತಕ್ಕ ಸ್ಥಳ. ಅವರನ್ನು ಷರತ್ತಿಲ್ಲದೆ ಬರಮಾಡಿಕೊಳ್ಳುವುದು ಎರಡನೆಯದು. ಅದನ್ನು ಹಣ ತೆತ್ತು ಯಾವ ಆಸ್ಪತ್ರೆಗೂ ವಹಿಸಲಾಗದು. ಕಾಗದಪತ್ರ ಕೇಳಿದ ಸಿಬ್ಬಂದಿಯನ್ನು ನಾವು ಖಂಡಿಸುತ್ತೇವೆ. ಆದರೆ ಮಗು ಹುಟ್ಟಿದ ಸುದ್ದಿ ಬಂದಾಗ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆ ಯಾವುದು? "ಗಂಡೋ, ಹೆಣ್ಣೋ?" ಎಂಬುದೇ ಅಲ್ಲವೇ? ಹೆಣ್ಣೆಂದು ತಿಳಿದಾಗ ಎಷ್ಟು ಮನೆಗಳಲ್ಲಿ ಒಂದು ಕ್ಷಣ ಮಾತು ನಿಲ್ಲುವುದಿಲ್ಲ? 2023ರಲ್ಲಿ ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ದಂಧೆ ಬಯಲಾಯಿತು. ಆ ಮೌನವೇ ಬೆಳೆದರೆ ಅಲ್ಲಿಗೆ ತಲುಪುತ್ತದೆ. ಅದೂ ಷರತ್ತು ಹಾಕುವ ಬಾಗಿಲೇ.

ಹಾಗಾದರೆ ನಾವು ಮಾಡಬಹುದಾದದ್ದೇನು? ಮಾತೆ ಮರಿಯಮ್ಮನವರು ವೃದ್ಧಾಪ್ಯದಲ್ಲಿ ಗರ್ಭ ಧರಿಸಿದ ಎಲಿಜಬೇತಳ ಬಳಿಗೆ ಬೆಟ್ಟದ ನಾಡಿಗೆ ಹೋದರು. ನೋಡಿಕೊಂಡು ಹಿಂತಿರುಗಲಿಲ್ಲ, ಸುಮಾರು ಮೂರು ತಿಂಗಳು ಜೊತೆಗಿದ್ದರು ಎಂದು ಶುಭಸಂದೇಶಕಾರ ಲೂಕರು ಬರೆದಿದ್ದಾರೆ. ನಮ್ಮ ಬೀದಿಯಲ್ಲಿ ಗರ್ಭಿಣಿಯರಿರುವ ಮನೆಗಳು ಯಾವುವೆಂದು ನಮಗೆ ಗೊತ್ತಿದೆಯೇ? ಇಟ್ಟಿಗೆ ಗೂಡಿನಲ್ಲಿ ದುಡಿಯಲು ಬೇರೆ ಸೀಮೆಯಿಂದ ಬಂದವಳಿಗೆ ತಾಯಿ ಕಾರ್ಡ್ ಮಾಡಿಸಲು ಯಾರಾದರೂ ಜೊತೆಗೆ ಹೋಗಿದ್ದಾರೆಯೇ? ನಡುರಾತ್ರಿ 108ಕ್ಕೆ ಕರೆ ಮಾಡಿ, ಅದೇ ವಾಹನದಲ್ಲಿ ಕುಳಿತು, ಆಸ್ಪತ್ರೆಯ ಬಾಗಿಲಲ್ಲಿ ಆಕೆಯ ಪರವಾಗಿ ನಿಲ್ಲಲು ಒಬ್ಬ ಅಕ್ಕ ಸಿದ್ಧಳಿದ್ದಾಳೆಯೇ? ಮನೆಯಲ್ಲಿ ಉಳಿದ ಮಗುವಿಗೆ ಅನ್ನ, ಬಾಣಂತಿಗೆ ಬಿಸಿನೀರು, ನಿದ್ದೆಗೆಟ್ಟ ತಾಯಿಗೆ ಒಂದು ಗಂಟೆಯ ವಿಶ್ರಾಂತಿ. ಇವು ಸಣ್ಣ ಕೆಲಸಗಳೇ. ಹಿಂದೆ ಊರೇ ಇವನ್ನು ಮಾಡುತ್ತಿತ್ತು.

ಜ್ಞಾನಸ್ನಾನದ ವಿಧಿ ಪೀಠದ ಬಳಿಯಲ್ಲ, ದೇವಾಲಯದ ಬಾಗಿಲಿನಲ್ಲಿ ಆರಂಭವಾಗುತ್ತದೆ. ಗುರುವು ಅಲ್ಲಿಗೆ ಬಂದು ತಾಯಿ ತಂದೆಯರನ್ನು ಎದುರುಗೊಂಡು ಮೊದಲು ಕೇಳುವುದು, ಈ ಮಗುವಿಗೆ ಯಾವ ಹೆಸರಿಡುತ್ತೀರಿ ಎಂದು. ಗಂಡೋ ಹೆಣ್ಣೋ, ಯಾವ ಕುಲ, ಯಾವ ಊರು ಎಂದಲ್ಲ. ಹೆಸರು ಕೇಳಿದ ಮೇಲೆ ಒಳಗೆ ಕರೆದುಕೊಳ್ಳುತ್ತಾನೆ. ನಮ್ಮ ಮನೆಬಾಗಿಲುಗಳಲ್ಲಿಯೂ ಅದೇ ಮೊದಲ ಪ್ರಶ್ನೆಯಾಗಲಿ.