ಸುರುಳಿ ದಾರದ ನಂಟು

ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಯಲ್ಲಿ ರೇಷ್ಮೆ ಸಾಕಿದವರಿಗೆ ಗಂಟುರೋಗದ ಭಯ ಗೊತ್ತು. ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಆ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ರೋಗಾಣುವಿನ ಮಿರುಗುವ ಅಂಡಾಕಾರದ ಕಣ ಕಂಡರೆ ಮೊಟ್ಟೆಗಳನ್ನೆಲ್ಲ ನಾಶಮಾಡುತ್ತಾರೆ. 1860ರ ದಶಕದಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ ದಾರಿ ಇದು. ಆ ಕಣದೊಳಗೆ ಸುರುಳಿ ಸುತ್ತಿದ ನಾಳವೊಂದಿದೆ. ಹುಳುವಿನ ಹೊಟ್ಟೆ ಸೇರಿದ ಮೇಲೆ ಅದು ಚಿಮ್ಮಿ ಜೀವಕೋಶವನ್ನು ಚುಚ್ಚುತ್ತದೆ.

ಈಗ ನೀರಿಗಿಳಿಯೋಣ. ಕಟ್ಲ, ರೋಹು ಮೀನುಗಳ ಕಿವಿರಿನಲ್ಲಿ ಒಮ್ಮೊಮ್ಮೆ ಬಿಳಿ ಗುಳ್ಳೆಗಳಿರುತ್ತವೆ. ಅವುಗಳಲ್ಲಿ ಹಲವು ಮಿಕ್ಸೋಬೋಲಸ್ ಎಂಬ ಪರೋಪಜೀವಿಯ ಮನೆ. ಗುಳ್ಳೆ ಒಡೆದರೆ ಲೆಕ್ಕವಿಲ್ಲದಷ್ಟು ಬೀಜಕಣ. ಒಂದೊಂದೂ ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು. ಎರಡು ಚಿಪ್ಪು, ಒಳಗೆ ಎರಡು ಪುಟ್ಟ ಸಂಪುಟ, ಪ್ರತಿ ಸಂಪುಟದಲ್ಲೂ ಸುರುಳಿ ಸುತ್ತಿದ ದಾರ. ಆ ಸುತ್ತುಗಳನ್ನು ಎಣಿಸಿ, ಚಿಪ್ಪಿನ ಉದ್ದಗಲ ಅಳೆದು ಜಾತಿ ಹೇಳುವವರ ತಾಳ್ಮೆಗೆ ಕೈಮುಗಿಯಬೇಕು.

ಎರಡರಲ್ಲೂ ಸುರುಳಿ ಇದೆಯೆಂದು ಇಪ್ಪತ್ತನೇ ಶತಮಾನದ ಬಹುಕಾಲ ಇವನ್ನು ಏಕಕೋಶ ಜೀವಿಗಳ ಒಂದೇ ಗುಂಪಿಗೆ ಸೇರಿಸಿದ್ದರು. 1990ರ ದಶಕದಲ್ಲಿ ವಂಶವಾಹಿಗಳನ್ನು ಓದಿದಾಗ ಆ ನಂಟು ಮುರಿಯಿತು. ರೇಷ್ಮೆಹುಳುವಿನ ರೋಗಾಣು ಅಣಬೆ, ಬೂಷ್ಟುಗಳ ಕಡೆಯದು. ಮೀನಿನದೋ, ಪ್ರಾಣಿ; ಅದೂ ಕಡಲಿನ ಜೆಲ್ಲಿಮೀನು, ಹವಳಗಳ ಕುಲದ್ದು! ಅದರ ದಾರ ಜೆಲ್ಲಿಮೀನಿನ ಕುಟುಕುದಾರವೇ. ಬಾಯಿ ಹೋಯಿತು, ಕರುಳು ಹೋಯಿತು, ನರಗಳು ಹೋದವು. ಮನೆತನದ ಈ ಒಂದು ಗುರುತು ಮಾತ್ರ ಹೋಗಲಿಲ್ಲ. ಕಡಲಿಂದ ಇಷ್ಟು ದೂರದ ನಮ್ಮ ಕೆರೆಯ ಮೀನಿನಲ್ಲಿ ಜೆಲ್ಲಿಮೀನಿನ ದಾಯಾದಿ ಮನೆ ಮಾಡಿಕೊಂಡಿರಬಹುದು ಎಂದರೆ ಮೈ ಜುಮ್ಮೆನ್ನುತ್ತದೆ.

ಒಂದೇ ಎಂದುಕೊಂಡವು ಹೀಗೆ ಬೇರೆಯಾದವು. ಬೇರೆ ಎಂದುಕೊಂಡವು ಒಂದಾದದ್ದೂ ಉಂಟು. ಕೆಸರಿನ ಟ್ಯೂಬಿಫೆಕ್ಸ್ ಹುಳುವಿನ ಒಳಗಿಂದ, ಮೂರು ಉದ್ದ ಕೈ ಚಾಚಿ ನೀರಲ್ಲಿ ತೇಲುವ ಪರೋಪಜೀವಿಯೊಂದು ಹೊರಬರುತ್ತದೆ. ಅದಕ್ಕೆ ಬೇರೆಯೇ ಹೆಸರಿತ್ತು, ಬೇರೆಯೇ ವರ್ಗವಿತ್ತು. ಟ್ರೌಟ್ ಮೀನಿನ ಮರಿಗಳು ತಮ್ಮ ಬಾಲವನ್ನೇ ಅಟ್ಟಿಸಿಕೊಂಡು ಗಿರಗಿರ ಸುತ್ತುವ, ಮಿಕ್ಸೋಬೋಲಸ್ ತರುವ ರೋಗವನ್ನು ಬೆನ್ನುಹತ್ತಿದ ಅಮೆರಿಕದ ವುಲ್ಫ್ ಮತ್ತು ಮಾರ್ಕಿವ್, 1984ರಲ್ಲಿ ಆ ಮುಕ್ಕೈ ಜೀವಿಯೂ ಮೀನಿನೊಳಗಿನ ಚಿಪ್ಪುಕಣವೂ ಒಂದೇ ಪ್ರಾಣಿಯ ಎರಡು ರೂಪ ಎಂದರು. ಹಲವರು ನಂಬಲಿಲ್ಲ. ಆಮೇಲೆ ಎರಡರ ವಂಶವಾಹಿಗಳೂ ತಾಳೆಯಾದವು. ಒಂದು ಇಡೀ ವರ್ಗವೇ ಪುಸ್ತಕದಿಂದ ಅಳಿಸಿಹೋಯಿತು.

ಮೀನಿನ ಈ ಪರೋಪಜೀವಿಗಳ ಬಳಗದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಜಾತಿಗಳಿಗೆ ಹೆಸರಿದೆ. ಎರಡೂ ರೂಪಗಳ ಜೋಡಿ ಪತ್ತೆಯಾಗಿರುವುದು ಅವುಗಳಲ್ಲಿ ಕೆಲವಕ್ಕೆ ಮಾತ್ರ. ಸುವರ್ಣಾವತಿ ಹೊಳೆಯ ಮೀನಿನಲ್ಲೋ ಉಡುತೊರೆಹಳ್ಳದ ಮೀನಿನಲ್ಲೋ ಕಂಡ ಗುಳ್ಳೆಯೊಂದರ ಇನ್ನೊಂದು ರೂಪ ಬೇಕೆಂದರೆ, ಅದೇ ನೀರಿನ ತಳದ ಕೆಸರು ತೆಗೆದು, ಹುಳುಗಳನ್ನು ಒಂದೊಂದಾಗಿ ಪುಟ್ಟ ಬಟ್ಟಲುಗಳಿಗೆ ಹಾಕಿ, ಯಾವುದರಿಂದ ಏನು ತೇಲಿ ಬರುತ್ತದೆಂದು ದಿನವೂ ನೋಡುತ್ತಾ ಕೂರಬೇಕು.