ಕಡತದಲ್ಲಿ ಉಳಿದ ಶಾಸ್ತ್ರದಾನ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಕೊನೆಯದರ ಮಾತು ಬಂದಾಗ ಕನ್ನಡನಾಡಿನ ಶ್ರಾವಕರು ಅತ್ತಿಮಬ್ಬೆಯನ್ನು ನೆನೆಯದೆ ಇರಲಾರರು. 10ನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಮಹಾತಾಯಿಯ ಕಾಲದಲ್ಲಿ ಪ್ರತಿಯೊಂದಕ್ಕೂ ಲಿಪಿಕಾರನ ಕೈ ಸವೆಯಬೇಕಿತ್ತು. ಇಂದು ಗಣಕಯಂತ್ರದ ಕಡತವೊಂದನ್ನು ಕೊಟ್ಟರೆ ಕೊಟ್ಟವನಲ್ಲಿ ಅದು ಕಡಮೆಯಾಗುವುದೇ ಇಲ್ಲ. ಹೀಗಿದ್ದೂ ಕೈ ಹಿಂಜರಿಯುವುದೇಕೆ?

ಕೆಲವು ವರ್ಷಗಳ ಹಿಂದೆ, ನಾನು ಸದಸ್ಯನಾಗಿರುವ ಟ್ರಸ್ಟೊಂದಕ್ಕೆ ಅಂಧ ಬಾಲಕನೊಬ್ಬನ ತಾಯಿ ಬಂದರು. ಪಾಠಶಾಲೆಗಾಗಿ ನಾವು ಮುದ್ರಿಸಿದ್ದ ಧರ್ಮಬೋಧೆಯ ಪಠ್ಯವನ್ನು ಬ್ರೈಲ್ ಲಿಪಿಗೆ ಪರಿವರ್ತಿಸಿಕೊಳ್ಳಲು ಅದರ ಕಡತವನ್ನು ಬೇಡಿದರು. ಕಡತ ಹೊರಹೋದರೆ ಯಾರಾದರೂ ಮುದ್ರಿಸಿ ಮಾರಿಯಾರೆಂದು ನಾವು ಕೊಡಲಿಲ್ಲ. ಬದಲಾಗಿ ಎರಡು ಸಾವಿರ ರೂಪಾಯಿ ಸಹಾಯಧನ ಮಂಜೂರು ಮಾಡಿದೆವು. ಆ ತಾಯಿ ಹಣವನ್ನು ಮುಟ್ಟದೆ ಕೈಮುಗಿದು ಹೋದರು. ನಿರ್ಣಯದ ಕೆಳಗೆ ನನ್ನ ಸಹಿಯೂ ಇದೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಹೇಳಿರುವ ಕಾರಣಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯಗಳೂ ಸೇರಿವೆ. ತಿಳಿದುದನ್ನು ಮರೆಮಾಚುವುದು, ಕೊಡಬಲ್ಲವನಾಗಿದ್ದೂ ಕೊಡದಿರುವುದು, ಜ್ಞಾನದ ಮಾರ್ಗಕ್ಕೆ ಅಡ್ಡಿಯಾಗುವುದು. ನಮಗೆ ದ್ವೇಷವಿರಲಿಲ್ಲ, ನಿಜ. ಆದರೆ ಅಂತರಾಯಕ್ಕೆ ಎಚ್ಚರಗೇಡಿತನವೂ ಸಾಕಷ್ಟೆ. ವ್ಯಾಪಾರಿಯಾದ ನನಗೆ ಹೊಳೆಯುವುದಿಷ್ಟು: ಎರಡು ಸಾವಿರ ಎಂದು ಖರ್ಚಿನ ಬದಿಗೆ ಬರೆದೆವು, ತಡೆಹಿಡಿದ ಕಡತವನ್ನು ಬರೆಯಲು ನಮ್ಮ ಖಾತೆಯಲ್ಲಿ ಕಾಲಮೇ ಇರಲಿಲ್ಲ.

ನಮ್ಮ ಭಯಕ್ಕೆ ಕಾನೂನಿನ ಬೆಂಬಲವೂ ಇಲ್ಲ. 2012ರ ತಿದ್ದುಪಡಿಯ ನಂತರ ಹಕ್ಕುಸ್ವಾಮ್ಯ ಕಾಯಿದೆಯು ಅಂಗವಿಕಲರ ವ್ಯಾಸಂಗಕ್ಕೆಂದು ಕೃತಿಗಳನ್ನು ಬ್ರೈಲ್‌ನಂತಹ ರೂಪಗಳಿಗೆ ಲಾಭೇಚ್ಛೆಯಿಲ್ಲದೆ ಪರಿವರ್ತಿಸಲು ಅವಕಾಶ ಕೊಟ್ಟಿದೆ. ಇದೇ ವಿಷಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಆದರೂ ಕಡತ ಕೈಸೇರದಿದ್ದರೆ ಅಚ್ಚಾದ ಪುಸ್ತಕವನ್ನು ಯಾರೋ ಕುಳಿತು ಮತ್ತೆ ಅಕ್ಷರ ಜೋಡಿಸಬೇಕು.

ಕಡತ ಕೊಟ್ಟೊಡನೆ ದಾನ ಪೂರ್ಣವಾಯಿತೆಂದೂ ತಿಳಿಯಬಾರದು. ಯೂನಿಕೋಡ್‌ಗೆ ಮುಂಚಿನ ನುಡಿ, ಶ್ರೀಲಿಪಿ ಮೊದಲಾದ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದ ಬರಹವು ಬ್ರೈಲ್ ತಂತ್ರಾಂಶಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಮೊದಲು ಅದನ್ನು ಯೂನಿಕೋಡ್‌ಗೆ ತರಬೇಕು. ಅಲ್ಲಿಂದ ಮುಂದೆ ಲಿಬ್‌ಲೂಯಿಯಂತಹ ಉಚಿತ ತಂತ್ರಾಂಶವೂ ಕನ್ನಡವನ್ನು ಆರು ಚುಕ್ಕೆಗಳ ಭಾರತಿ ಬ್ರೈಲ್‌ಗೆ ತಿರುಗಿಸಬಲ್ಲುದು. ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರವೆಂಬುದು ಕೆಳಗೆ ಇಳಿಯುವುದಿಲ್ಲ. ‘ಸತ್ಯ’ ಎಂಬಲ್ಲಿ ಸಕಾರದ ನಂತರ ಹಲಂತದ ಚುಕ್ಕೆ, ಆಮೇಲೆ ತಕಾರ, ಯಕಾರ, ಸಾಲಾಗಿ ನಿಲ್ಲುತ್ತವೆ. ಪರಿವರ್ತನೆಯಲ್ಲಿ ಒಂದು ಚುಕ್ಕೆ ತಪ್ಪಿದರೆ ಪದವೇ ಬೇರೆಯಾದೀತು. ಆದುದರಿಂದ ಬ್ರೈಲ್ ಬಲ್ಲ ಅಂಧರೊಬ್ಬರಿಗೆ ಸಂಭಾವನೆ ಕೊಟ್ಟು ಕರಡು ತಿದ್ದಿಸುವುದು ಅಗತ್ಯ.

ಇನ್ನು ಚಿತ್ರಗಳು. ನಮ್ಮ ಪಠ್ಯದಲ್ಲಿ ಲೇಶ್ಯಾವೃಕ್ಷದ ವರ್ಣಚಿತ್ರವಿದೆ. ತಂತ್ರಾಂಶ ಅದನ್ನು ಹಾಗೆಯೇ ಬಿಟ್ಟು ಮುಂದೆ ಹೋಗುತ್ತದೆ. ಕೃಷ್ಣ, ನೀಲ, ಶುಕ್ಲ ಎಂದರೆ ಹುಟ್ಟುಕುರುಡ ಬಾಲಕನಿಗೆ ಏನು ತಿಳಿದೀತು ಎಂದು ನಾನು ಬಹಳ ಯೋಚಿಸಿದೆ. ಕೊನೆಗೆ ಬರೆಯಲು ಕುಳಿತಾಗ, ಹಣ್ಣಿಗಾಗಿ ಬುಡವನ್ನೇ ಕಡಿಯಹೊರಟವನಿಂದ ಉದುರಿದ ಹಣ್ಣನ್ನು ಆರಿಸಿಕೊಂಡವನವರೆಗೆ ಆರು ಜನರ ಮನಸ್ಸನ್ನು ಹೇಳಲು ಬಣ್ಣವೇ ಬೇಕಾಗಲಿಲ್ಲ. ಇಷ್ಟು ವರ್ಷ ಕಣ್ಣಿದ್ದ ಮಕ್ಕಳಿಗೆ ನಾವು ಬಣ್ಣಗಳನ್ನೇ ಬಾಯಿಪಾಠ ಮಾಡಿಸುತ್ತಿದ್ದೆವೇನೋ!

ಆ ಬಾಲಕ ಈಗ ಕಾಲೇಜು ಸೇರಿರಬೇಕು. ನಮ್ಮ ಕಡತ ಮಾತ್ರ ಹಳೆಯ ಅಕ್ಷರವಿನ್ಯಾಸದಲ್ಲಿಯೇ ಕಛೇರಿಯಲ್ಲಿದೆ. ಹಿಂದಿನ ನಿರ್ಣಯವನ್ನು ರದ್ದುಪಡಿಸುವ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ. ಲೇಶ್ಯಾವೃಕ್ಷದ ವಿವರಣೆಯನ್ನೂ ಅದಕ್ಕೆ ಲಗತ್ತಿಸಿದ್ದೇನೆ.