ಸಹಿ ಹಾಕುವ ಕೈ

ಅಮೆರಿಕದ ರಾಜ್ಯಪಾಲರು ನಮ್ಮವರಂತೆ ನೇಮಕಗೊಂಡವರಲ್ಲ, ಜನ ಆರಿಸಿ ಕಳಿಸಿದವರು. ಇಲಿನಾಯ್ಸ್ ರಾಜ್ಯದಲ್ಲಿ ಮರಣದಂಡನೆಯ ಕಡತ ಕೊನೆಗೆ ಬಂದು ಕೂರುತ್ತಿದ್ದುದು ಅವರ ಮೇಜಿನ ಮೇಲೆ. ಸಂಪುಟದ ಸಲಹೆಯೆಂಬ ಮರೆ ಅಲ್ಲಿರಲಿಲ್ಲ.

ಜಾರ್ಜ್ ರಯಾನ್ ಕಂಕಾಕೀ ಊರಿನ ಔಷಧಿ ಅಂಗಡಿಯವರು. 1977ರಲ್ಲಿ ಶಾಸಕರಾಗಿದ್ದಾಗ ಮರಣದಂಡನೆಯನ್ನು ಮತ್ತೆ ತರುವ ಮಸೂದೆಗೆ ಮತ ಹಾಕಿದರು. ಸ್ವಿಚ್ ಒತ್ತಲು ನಿಮ್ಮಲ್ಲಿ ಯಾರು ತಯಾರಿದ್ದೀರಿ ಎಂದು ವಿರೋಧಿಯೊಬ್ಬರು ಅಂದು ಸದನದಲ್ಲಿ ಕೇಳಿದ್ದರು. ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು, ಮತ ಬದಲಾಗಲಿಲ್ಲ.

1999ರಲ್ಲಿ ರಾಜ್ಯಪಾಲರಾದ ಹೊಸತರಲ್ಲೇ, ಆಂಟನಿ ಪೋರ್ಟರ್ ಎಂಬ ಕೈದಿ ಬಿಡುಗಡೆಯಾಗಿ ಹೊರಬರುವುದನ್ನು ಟಿವಿಯಲ್ಲಿ ಕಂಡರು. ಸಾಯಲು ಎರಡು ದಿನವಿದ್ದಾಗ ಆತನಿಗೆ ತಡೆಯಾಜ್ಞೆ ಸಿಕ್ಕಿತ್ತು. ಹೆಣಕ್ಕೆ ತೊಡಿಸುವ ಸೂಟಿಗೆ ಅಳತೆಯೂ ಆಗಿಹೋಗಿತ್ತು. ಮರುತಿಂಗಳೇ ಇನ್ನೊಬ್ಬನ ಮರಣದಂಡನೆ ರಯಾನ್ ಅವರ ಮೇಜಿಗೆ ಬಂತು; ಅವರು ತಡೆಯಲಿಲ್ಲ. ಹೊಸ ಕಾನೂನಿನಡಿ ಸತ್ತವರು 12, ತಪ್ಪು ತೀರ್ಪೆಂದು ಬಿಡುಗಡೆಯಾದವರು 13 ಎಂಬ ಲೆಕ್ಕ ಕಣ್ಣ ಮುಂದೆ ನಿಂತಾಗ, 2000ದ ಜನವರಿಯಲ್ಲಿ ಎಲ್ಲವನ್ನೂ ನಿಲ್ಲಿಸಿದರು. 2003ರ ಜನವರಿ 11ರಂದು, ಅಧಿಕಾರ ಬಿಡಲು ಎರಡು ದಿನವಿರುವಾಗ, 167 ಜನರ ಮರಣದಂಡನೆಯನ್ನು ಇಳಿಸಿದರು.

ಇಷ್ಟಕ್ಕೇ ನಿಲ್ಲಿಸಿದರೆ ಸಂತಚರಿತ್ರೆಯಾದೀತು. ಅವರು ಮೊದಲು ನಡೆಸುತ್ತಿದ್ದ ಇಲಾಖೆ ಚಾಲನಾ ಪರವಾನಗಿ ಕೊಡುವಂಥದ್ದು. ಅಲ್ಲಿ ಲಂಚಕ್ಕೆ ಲೈಸೆನ್ಸ್ ಸಿಗುತ್ತಿತ್ತು, ಆ ದುಡ್ಡು ಅವರ ಚುನಾವಣಾ ನಿಧಿಗೆ ಸೇರುತ್ತಿತ್ತು. ಹಾಗೆ ಲೈಸೆನ್ಸ್ ಪಡೆದ ಲಾರಿ ಚಾಲಕನೊಬ್ಬನಿಗೆ, ನಿನ್ನ ಲಾರಿಯ ಭಾಗ ಕಳಚಿ ಜೋತಾಡುತ್ತಿದೆ ಎಂದು ಬೇರೆ ಚಾಲಕರು ಎಚ್ಚರಿಸಿದ ಇಂಗ್ಲಿಷು ಅರ್ಥವಾಗಲಿಲ್ಲ. 1994ರಲ್ಲಿ ಆ ಕಬ್ಬಿಣ ಬಿದ್ದು, ಹಿಂದಿನ ವ್ಯಾನಿಗೆ ಬೆಂಕಿ ಹತ್ತಿ ಒಂದೇ ಮನೆಯ ಆರು ಮಕ್ಕಳು ಸತ್ತರು. 2006ರಲ್ಲಿ ರಯಾನ್ ಭ್ರಷ್ಟಾಚಾರದ ಅಪರಾಧಿ ಎಂದು ತೀರ್ಪಾಯಿತು. ಶಿಕ್ಷೆ ಆರೂವರೆ ವರ್ಷ.

ಯಾವ ರಯಾನ್ ನಿಜ ಎಂದು ಬಹಳ ದಿನ ಯೋಚಿಸಿದ್ದೇನೆ. ಈಗನ್ನಿಸುತ್ತದೆ, ಇಬ್ಬರಿರಲಿಲ್ಲ. ಕೈದಿಯ ಹೆಸರು, ಮುಖ, ಸೂಟಿನ ಅಳತೆ ಹತ್ತಿರ ಬಂದಾಗ ಕರಗಿದ ಮನಸ್ಸು, ಹತ್ತು ಕೈ ದಾಟಿ ಬರುವ ದುಡ್ಡಿನ ಹಿಂದೆ ಯಾರಿದ್ದಾರೆಂದು ಕೇಳಲೇ ಇಲ್ಲ. ನೌಕರಿಯಲ್ಲಿದ್ದಾಗ ಹೆಸರು ಓದದೆ ನಾನೂ ಸಹಿ ಹಾಕಿದ್ದೇನೆ. ಅದಕ್ಕೇ ಈ ಮನುಷ್ಯ ನನ್ನನ್ನು ಬಿಡುವುದಿಲ್ಲ.

ಅವರು ತಮಗಾಗಿ ಅಧ್ಯಕ್ಷ ಬುಷ್ ಬಳಿ ಕ್ಷಮೆ ಬೇಡಿದರು, ಸಿಗಲಿಲ್ಲ. 2011ರ ಮಾರ್ಚ್ 9ರಂದು ಇಲಿನಾಯ್ಸ್ ಮರಣದಂಡನೆಯನ್ನೇ ರದ್ದು ಮಾಡಿತು. ಅಂದು ರಯಾನ್ ಟೆರೆ ಹೋಟ್‌ನ ಜೈಲಿನಲ್ಲಿದ್ದರು. ಕೇಂದ್ರ ಸರ್ಕಾರ ಮರಣದಂಡನೆ ಜಾರಿ ಮಾಡುವ ಕೋಣೆ ಇರುವುದು ಅದೇ ಆವರಣದಲ್ಲಿ.